ಗಾಯಕ್ಕೆ ಲಾಕ್‌ಡೌನ್ ಇಲ್ಲ!

ಕೊರೊನಾ ಕಾಲದಲ್ಲಿ ಎಲ್ಲರೂ ಜ್ವರ ಇದೆಯಾ, ಕೆಮ್ಮು ಇದೆಯಾ ಅಂತ ಕೇಳಿದರು. ಕಾಲಿನ ಹುಣ್ಣು ಹೇಗಿದೆ ಅಂತ ಕೇಳಿದವರು ಕಡಿಮೆ. ಆದರೆ ಅದೇ ಎರಡು ವರ್ಷ ಗಾಯದ ಆರೈಕೆಯನ್ನು ಆಸ್ಪತ್ರೆಯಿಂದ ಎತ್ತಿ ನಮ್ಮ ಮನೆಯ ಪಡಸಾಲೆಗೆ ತಂದು ಕೂರಿಸಿತು. ಊರಿನ ಆರೋಗ್ಯದ ಯಜಮಾನಿಕೆ ಯಾರದ್ದು ಎಂಬ ಪ್ರಶ್ನೆಗೂ ಹೊಸ ಉತ್ತರ ಕೊಟ್ಟಿತು.

“ಏನಿಲ್ಲ ಬಿಡವ್ವಾ, ಒಂದು ಮುಳ್ಳು ಚುಚ್ಚಿತ್ತು, ಅಷ್ಟೆ. ಅರಿಶಿನ ಹಚ್ಚೀನಿ, ಮಾಯುತ್ತೆ...”

2020ರ ಏಪ್ರಿಲ್ ತಿಂಗಳು. ನ್ಯಾಮತಿ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರತ್ತೆ ಫೋನಿನಲ್ಲಿ ಹೇಳಿದ ಮಾತಿದು. ಅತ್ತೆಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಫೆಬ್ರುವರಿಯಲ್ಲಿ ಮೆಕ್ಕೆಜೋಳದ ದಂಟು ಕಡಿದ ಹೊಲದಲ್ಲಿ ಬರಿಗಾಲಲ್ಲಿ ಓಡಾಡುವಾಗ ಜಾಲಿಮುಳ್ಳು ಚುಚ್ಚಿತ್ತು. ಅದು ಅವರಿಗೆ ಗೊತ್ತಾಗಿದ್ದು ಎರಡು ದಿನದ ಮೇಲೆ, ಕಾಲುಚೀಲಕ್ಕೆ ಕೀವು ಅಂಟಿದಾಗ. ಪಾದಕ್ಕೆ ಸ್ಪರ್ಶವೇ ಇಲ್ಲದಿದ್ದರೆ ನೋವು ಎಲ್ಲಿಂದ ಬರಬೇಕು ಹೇಳಿ?

ಮಾರ್ಚ್‌ನಲ್ಲಿ ದಿನ ಬಿಟ್ಟು ದಿನ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದರು. ಹುಣ್ಣು ಚಿಕ್ಕದಾಗುತ್ತಾ ಬಂದಿತ್ತು. ಅಷ್ಟರಲ್ಲಿ ಬಂತು ನೋಡಿ ಲಾಕ್‌ಡೌನ್! ಬಸ್ಸಿಲ್ಲ. ಅವರು ಹೋಗುತ್ತಿದ್ದ ಕ್ಲಿನಿಕ್ಕಿಗೆ ಬೀಗ. ಶಿವಮೊಗ್ಗ ಬೇರೆ ಜಿಲ್ಲೆ, ದಾಟಲು ಪಾಸು ಬೇಕು. ಅತ್ತೆ ಯಾರಿಗೂ ಹೇಳದೆ ಹಳೇ ಸೀರೆಯ ಅಂಚು ಹರಿದು ಕಟ್ಟಿಕೊಂಡು ಕೂತರು.

ನಾನು ದಿನಾ ಫೋನು ಮಾಡುತ್ತಿದ್ದೆ. “ಮಾಸ್ಕ್ ಹಾಕ್ಕೊಂಡಿದೀಯಾ? ಹೊರಗೆ ಹೋಗಬೇಡ. ಬಿಸಿನೀರು ಕುಡಿ.” ಇಷ್ಟೇ ನನ್ನ ಉಪದೇಶ. ಒಂದೇ ಒಂದು ದಿನ “ಕಾಲು ಹೇಗಿದೆ ಅತ್ತೆ?” ಅಂತ ಕೇಳಿ, ಉತ್ತರ ಬರುವ ತನಕ ಬಿಡದೆ ವಿಚಾರಿಸಲಿಲ್ಲ. ಈ ಕೊರಗು ಇವತ್ತಿಗೂ ಹೋಗಿಲ್ಲ.

ಕೇಳಿದ್ದು ಯಾರು ಗೊತ್ತೇ? ಜ್ವರದ ಸಮೀಕ್ಷೆಗೆ ಮನೆ ಮನೆ ತಿರುಗುತ್ತಿದ್ದ ಆ ಊರಿನ ಆಶಾ ಕಾರ್ಯಕರ್ತೆ. ಬಾಗಿಲಲ್ಲಿ ನಿಂತು ಜ್ವರ, ಕೆಮ್ಮು ಬರೆದುಕೊಂಡಾಕೆ ಹೊರಡುವ ಹೊತ್ತಿಗೆ ಮೂಗಿಗೆ ವಾಸನೆ ಬಡಿಯಿತಂತೆ. “ಅಮ್ಮಾ, ಕಾಲು ತೋರಿಸ್ರಿ” ಅಂದಳು. ಅತ್ತೆ ಸೀರೆ ಎಳೆದು ಮುಚ್ಚಿಕೊಂಡರು. ಆಕೆ ಬಿಡಲಿಲ್ಲ. ಬಿಚ್ಚಿಸಿ ನೋಡಿದಳು, ಮೊಬೈಲ್‌ನಲ್ಲಿ ಫೋಟೊ ತೆಗೆದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕಳಿಸಿದಳು. ಅರ್ಧ ಗಂಟೆಯಲ್ಲಿ ವಾಪಸು ಫೋನು: “ಇವತ್ತೇ ಕರ್ಕೊಂಡು ಬನ್ನಿ.” ವಾಹನ, ಪಾಸು, ದೊಡ್ಡಾಸ್ಪತ್ರೆ ಎಲ್ಲಾ ಅದೇ ದಿನ ಆಯಿತು. ಎರಡು ಬೆರಳು ಹೋದವು. ಪಾದ ಉಳಿಯಿತು.

“ಇನ್ನು ಒಂದು ವಾರ ತಡ ಆಗಿದ್ದಿದ್ರೆ ಮೊಣಕಾಲ ಕೆಳಗೆ ತೆಗೀಬೇಕಾಗ್ತಿತ್ತು” ಎಂದರು ಶಸ್ತ್ರಚಿಕಿತ್ಸಕರು.

ಆಗ ಆಗಿದ್ದೇನು?

ನೆನಪಿಸಿಕೊಳ್ಳಿ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಸಾರಿತು. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶಕ್ಕೇ ಬೀಗ. ಆಸ್ಪತ್ರೆಗಳ ಹಾಸಿಗೆಗಳನ್ನು ಕೋವಿಡ್‌ಗೆ ಮೀಸಲಿಟ್ಟರು. ಹೊರರೋಗಿ ವಿಭಾಗ ಸೊರಗಿತು. ತುರ್ತು ಅಲ್ಲದ ಆಪರೇಷನ್‌ಗಳನ್ನು ಮುಂದೂಡಿದರು. ಅದು ತಪ್ಪು ಅಂತ ಹೇಳಲಾಗದು. ಆದರೆ ಗಾಯ ಯಾವ ಪಟ್ಟಿಗೆ ಸೇರಬೇಕು? ಹೆರಿಗೆಯಂತೆ ಅದು ಇವತ್ತೇ ಆಗಬೇಕಾದ್ದಲ್ಲ, ಕಣ್ಣಿನ ಪೊರೆಯಂತೆ ಮುಂದಿನ ವರ್ಷಕ್ಕೆ ಹಾಕುವಂಥದ್ದೂ ಅಲ್ಲ. ಈ ನಡುವಿನ ಸಂದಿಯಲ್ಲೇ ಸಾವಿರಾರು ಪಾದಗಳು ಸಿಕ್ಕಿಕೊಂಡವು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇನ್ನೊಂದು ತೊಡಕೂ ಇತ್ತು. ಚನ್ನಗಿರಿ, ಹೊನ್ನಾಳಿ 1997ರ ತನಕ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹೊನ್ನಾಳಿಯಿಂದ ಒಡೆದು ನ್ಯಾಮತಿ ತಾಲ್ಲೂಕಾಗಿದ್ದು ತೀರಾ ಈಚೆಗೆ, 2018ರಲ್ಲಿ. ಕಾಗದದಲ್ಲಿ ಎಲ್ಲವೂ ದಾವಣಗೆರೆ ಜಿಲ್ಲೆ. ಆದರೆ ಕಾಯಿಲೆ ಬಂದರೆ ನ್ಯಾಮತಿಯವರ ಕಾಲು ಈಗಲೂ ಶಿವಮೊಗ್ಗದ ಬಸ್ಸನ್ನೇ ಹತ್ತುತ್ತದೆ, ಹತ್ತಿರ ಅದೇ ನೋಡಿ. ಜಿಲ್ಲೆಯ ಗಡಿಗೆ ಬ್ಯಾರಿಕೇಡ್ ಬಿದ್ದಾಗ ಮೊದಲು ಕೈತಪ್ಪಿದ್ದೇ ಇಂಥ ದಿನ ಬಿಟ್ಟು ದಿನದ ಡ್ರೆಸ್ಸಿಂಗ್.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಇಟಲಿಯ ನೇಪಲ್ಸ್ ನಗರದ ಒಂದು ಆಸ್ಪತ್ರೆಯ ವೈದ್ಯರು 2020ರಲ್ಲೇ ಒಂದು ಅಧ್ಯಯನ ಪ್ರಕಟಿಸಿದರು. ಲಾಕ್‌ಡೌನ್ ಕಾಲದಲ್ಲಿ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿನಿಂದ ದಾಖಲಾದವರಲ್ಲಿ ಬೆರಳು, ಪಾದ ಕತ್ತರಿಸಬೇಕಾಗಿ ಬರುವ ಅಪಾಯ ಹಿಂದಿನ ವರ್ಷದ ಮೂರು ಪಟ್ಟಿಗೂ ಹೆಚ್ಚಾಗಿತ್ತು! ಕಾರಣ ಸರಳ: ಜನ ತಡವಾಗಿ ಬಂದರು. ನಮ್ಮ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿದೆ. ಅಂದ ಮೇಲೆ ಇದು ಅತ್ತೆಯೊಬ್ಬರ ಕಥೆಯಲ್ಲ, ಅಲ್ವಾ?

2021ರ ಏಪ್ರಿಲ್–ಮೇ ತಿಂಗಳ ಎರಡನೇ ಅಲೆ ಬೇರೆ ಥರದ ಗಾಯಗಳನ್ನು ತಂದಿತು. ಐಸಿಯುನಲ್ಲಿ ವಾರಗಟ್ಟಲೆ ಮಲಗಿದವರು ಬೆನ್ನು, ಸೊಂಟದಲ್ಲಿ ಹಾಸಿಗೆ ಹುಣ್ಣು ಹೊತ್ತು ಮನೆಗೆ ಬಂದರು. ಉಸಿರಾಟಕ್ಕೆಂದು ಬೋರಲು ಮಲಗಿಸಿದವರಿಗೆ ಕೆನ್ನೆ, ಗಲ್ಲದ ಮೇಲೂ ಹುಣ್ಣು. ಜೀವ ಉಳಿಸಲೆಂದು ಕೊಟ್ಟ ಸ್ಟೀರಾಯ್ಡ್ ಸಕ್ಕರೆ ಅಂಶ ಏರಿಸಿತು. ಅದರ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರದಿಂದ ಕೆಲವರು ಕಣ್ಣು, ಮೇಲ್ದವಡೆ ಕಳೆದುಕೊಂಡರು. ಆ ಮೇ ತಿಂಗಳಲ್ಲೇ ರಾಜ್ಯ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಇನ್ನು ನರ್ಸಮ್ಮಂದಿರ ಮೂಗಿನ ಮೇಲೆ, ಕಿವಿಯ ಹಿಂದೆ ಮಾಸ್ಕ್ ಒತ್ತಿ ಆದ ಗಾಯಗಳು! ಆರೈಕೆ ಮಾಡುವವರಿಗೂ ಆರೈಕೆ ಬೇಕು ಅನ್ನುವುದು ಆಗ ಎಲ್ಲರಿಗೂ ಕಂಡಿತು. 2020 ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ‘ನರ್ಸ್ ಮತ್ತು ಸೂಲಗಿತ್ತಿಯರ ವರ್ಷ’ವಾಗಿತ್ತು ಎಂಬುದು ಬೇರೆ ಮಾತು.

ಬದಲಾಗಿದ್ದು ಏನೇನು?

ಮೊದಲನೆಯದು, ಪಟ್ಟಿ ಕಟ್ಟುವ ಕೆಲಸ ಮನೆಗೆ ಬಂತು. ಮೊದಲು ಡ್ರೆಸ್ಸಿಂಗ್ ಎಂದರೆ ಆಸ್ಪತ್ರೆ, ಟ್ರೇ, ಕತ್ತರಿ, ಸ್ಪಿರಿಟ್ ವಾಸನೆ. ಲಾಕ್‌ಡೌನ್‌ನಲ್ಲಿ ವೈದ್ಯರು, ನರ್ಸ್‌ಗಳು ಮನೆಯ ಹೆಣ್ಣುಮಕ್ಕಳಿಗೆ ಒಮ್ಮೆ ತೋರಿಸಿಕೊಟ್ಟು, “ಇನ್ಮೇಲೆ ನೀವೇ ಮಾಡ್ರಿ, ವಾರಕ್ಕೊಮ್ಮೆ ತೋರಿಸ್ರಿ” ಎನ್ನತೊಡಗಿದರು. ಇದು ಹೊಸದೇನಲ್ಲ. ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಸ್ಪರ್ಶವಿಲ್ಲದ ಪಾದ ನೋಡಿಕೊಳ್ಳುವುದನ್ನು ರೋಗಿಗೇ ಕಲಿಸುವ, ಮೆತ್ತನೆಯ ಎಂಸಿಆರ್ ಚಪ್ಪಲಿ ಉಚಿತವಾಗಿ ಕೊಡುವ ಪದ್ಧತಿ ಎಷ್ಟೋ ಹಿಂದಿನದು. ಆ ಪಾಠ ಎಲ್ಲರಿಗೂ ತಲುಪಲು ಒಂದು ಮಹಾಮಾರಿಯೇ ಬರಬೇಕಾಯಿತು.

ಎರಡನೆಯದು, ಫೋನು. ದೇಶಕ್ಕೆ ಬೀಗ ಬಿದ್ದ ದಿನವೇ, ಅಂದರೆ 2020ರ ಮಾರ್ಚ್ 25ರಂದು, ಫೋನಿನಲ್ಲಿ ಚಿಕಿತ್ಸೆ ಹೇಳುವುದಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೊರಬಿತ್ತು. ಏಪ್ರಿಲ್‌ನಲ್ಲಿ ಮನೆಯಿಂದಲೇ ವೈದ್ಯರನ್ನು ಕಾಣುವ ‘ಇ–ಸಂಜೀವನಿ’ ಸೇವೆ ಆರಂಭವಾಯಿತು. ಗಾಯವೇನೋ ಕಣ್ಣಿಗೆ ಕಾಣುವ ವಸ್ತು, ಫೋಟೊದಲ್ಲಿ ಅರ್ಧ ವಿಷಯ ಗೊತ್ತಾಗುತ್ತದೆ. ಆದರೆ ವಾಸನೆ, ಬಿಸಿ, ಆಳ ಫೋಟೊದಲ್ಲಿ ಬರುವುದಿಲ್ಲ. ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಮೂರನೆಯದು, ಯಾರು ಬರಬೇಕು, ಯಾರು ಮನೆಯಲ್ಲೇ ಇರಬಹುದು ಎಂಬ ವಿಂಗಡಣೆ. ಮೊದಲು ಬಂದವರಿಗೆ ಮೊದಲ ಚೀಟಿ ಎಂಬ ಪದ್ಧತಿ ಬಿಟ್ಟು, ಕಪ್ಪಾದ ಬೆರಳು ಮೊದಲು, ಒಣಗುತ್ತಿರುವ ಗಾಯ ಆಮೇಲೆ ಎಂದು ನೋಡುವುದು ಅನಿವಾರ್ಯವಾಯಿತು.

ನಾಲ್ಕನೆಯದು ಕೈ ತೊಳೆಯುವುದು! 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯರು “ಕೈ ತೊಳೆದು ಬಾಣಂತಿಯರನ್ನು ಮುಟ್ಟಿ” ಎಂದಾಗ ಹಲವು ವೈದ್ಯರೇ ಸಿಟ್ಟಾಗಿದ್ದರು. 2020ರಲ್ಲಿ ನಮ್ಮ ಮೂರು ವರ್ಷದ ಮಕ್ಕಳೂ ಇಪ್ಪತ್ತು ಸೆಕೆಂಡ್ ಎಣಿಸಿ ಕೈ ತೊಳೆದರು. ಆ ಅಭ್ಯಾಸ ಮಾತ್ರ ಮಾಸ್ಕಿನ ಜೊತೆಗೇ ಮೂಲೆ ಸೇರಿತಲ್ಲ ಎಂಬುದೇ ಬೇಜಾರು.

ಊರಿಗೊಂದು ಗಾಯ

ಚನ್ನಗಿರಿ ಕಡೆ ಅಡಿಕೆ ಸುಗ್ಗಿ ಬಂದರೆ ಹೆಣ್ಣುಮಕ್ಕಳ ಕೈ ನೋಡಬೇಕು. ಅಡಿಕೆ ಸುಲಿಯುವ ಕತ್ತಿಗೆ ಬೆರಳು ಸಿಕ್ಕಿದ ಗೆರೆಗಳು, ಬೇಯಿಸುವ ಹಂಡೆಯ ಚೊಗರು ಸಿಡಿದ ಬೊಬ್ಬೆಗಳು. ಹೊನ್ನಾಳಿ ಕಡೆ ಗದ್ದೆಯಲ್ಲಿ ನಾಟಿ ಹಾಕುವವರ ಕಾಲ್ಬೆರಳ ಸಂದಿಯನ್ನು ಕೆಸರು ತಿಂದಿರುತ್ತದೆ. ನ್ಯಾಮತಿಯ ಹಳ್ಳಿ, ತಾಂಡಾಗಳಲ್ಲಿ ಮೆಕ್ಕೆಜೋಳದ ಕೂಳೆ ಪಾದಕ್ಕೆ ಚುಚ್ಚುತ್ತದೆ. ಜಗಳೂರಿನ ಬೆದ್ದಲು ಹೊಲದಲ್ಲಿ ಜಾಲಿಮುಳ್ಳು, ಕುಡುಗೋಲು, ಬಿಸಿಲಿಗೆ ಬಿರಿದ ಹಿಮ್ಮಡಿ. ನೀರೇ ಕಡಿಮೆ ಇರುವ ಕಡೆ “ಗಾಯವನ್ನು ಚೆನ್ನಾಗಿ ತೊಳೆಯಿರಿ” ಅನ್ನುವುದೂ ಸುಲಭದ ಮಾತಲ್ಲ.

ಇವೆಲ್ಲ ಚಿಕ್ಕ ಗಾಯಗಳೇ. “ಕೂಲಿ ಬಿಟ್ಟು ಇದಕ್ಕೆಲ್ಲಾ ಆಸ್ಪತ್ರೆಗೆ ಹೋಗ್ತಾರೇನು?” ಅನ್ನುತ್ತೀರಿ. ಎಲ್ಲದಕ್ಕೂ ಓಡಬೇಕಿಲ್ಲ, ನಿಜ. ಆದರೆ ಯಾವುದಕ್ಕೆ ಓಡಬೇಕು, ಯಾವುದನ್ನು ಮನೆಯಲ್ಲೇ ನೋಡಿಕೊಳ್ಳಬಹುದು ಎಂಬುದು ಗೊತ್ತಿರಬೇಕು.

ಮನೆಯಲ್ಲೇ ಪಟ್ಟಿ: ಹೀಗೆ ಮಾಡಿ

ಮೊದಲ ಸಲ ನರ್ಸ್ ಅಥವಾ ವೈದ್ಯರಿಂದ ಕಲಿತುಕೊಳ್ಳಿ. ಆಮೇಲೆ ಈ ಕ್ರಮ ತಪ್ಪಿಸಬೇಡಿ.

* ಸೋಪು ಹಾಕಿ ಕೈ ತೊಳೆಯಿರಿ. ಬಳೆ, ಉಂಗುರ ತೆಗೆದಿಡಿ. ನಿಮಗೆ ನೆಗಡಿ, ಕೆಮ್ಮು ಇದ್ದರೆ ಮಾಸ್ಕ್ ಹಾಕಿಕೊಳ್ಳಿ.

* ಬೇಕಾದ್ದನ್ನೆಲ್ಲಾ ಮೊದಲೇ ಹತ್ತಿರ ಇಟ್ಟುಕೊಳ್ಳಿ: ಔಷಧಿ ಅಂಗಡಿಯ ಸ್ಟೆರೈಲ್ ಗಾಜ್, ಸುತ್ತುವ ಬ್ಯಾಂಡೇಜ್, ಅಂಟುಪಟ್ಟಿ, ಸಲೈನ್ ಬಾಟಲಿ, ಕೈಗವಸು. ಸಲೈನ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ. ಅವತ್ತಿನದ್ದು ಅವತ್ತಿಗೇ ಮುಗಿಯಲಿ, ಉಳಿದದ್ದನ್ನು ಚೆಲ್ಲಿ.

* ಹಳೇ ಪಟ್ಟಿ ಅಂಟಿಕೊಂಡಿದ್ದರೆ ಕಿತ್ತೆಳೆಯಬೇಡಿ. ಸಲೈನ್ ಹನಿಸಿ ನೆನೆಸಿ, ತಾನಾಗಿ ಬಿಡುತ್ತದೆ. ಎಳೆದರೆ ಹೊಸದಾಗಿ ಬಂದ ಮಾಂಸವೂ ಅದರ ಜೊತೆ ಬರುತ್ತದೆ.

* ಗಾಯದ ನಡುವಿನಿಂದ ಹೊರಕ್ಕೆ ತೊಳೆಯಿರಿ. ಸುತ್ತಲಿನ ಚರ್ಮವನ್ನು ಒತ್ತಿ ಒಣಗಿಸಿ, ಉಜ್ಜಬೇಡಿ.

* ವೈದ್ಯರು ಬರೆದುಕೊಟ್ಟ ಮುಲಾಮು ಮಾತ್ರ ಹಚ್ಚಿ. ಗಾಜ್ ಇಟ್ಟು ಸಡಿಲವಾಗಿ ಸುತ್ತಿ. ಬೆರಳ ತುದಿ ತಣ್ಣಗಾದರೆ, ನೀಲಿಯಾದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ.

* ವಾರಕ್ಕೊಮ್ಮೆ ಒಂದು ರೂಪಾಯಿ ನಾಣ್ಯವನ್ನು ಗಾಯದ ಪಕ್ಕ ಹಿಡಿದು, ಬೆಳಕಿನಲ್ಲಿ ಫೋಟೊ ತೆಗೆಯಿರಿ. ಹೋದ ವಾರಕ್ಕಿಂತ ಚಿಕ್ಕದಾಗಿದೆಯೋ ದೊಡ್ಡದಾಗಿದೆಯೋ ತಿಳಿಯುತ್ತದೆ.

* ಬಿಚ್ಚಿದ ಪಟ್ಟಿಯನ್ನು ಕವರಿನಲ್ಲಿ ಕಟ್ಟಿ ಬೇರೆ ಇಡಿ. ಹೊಲದ ಬದುವಿಗೆ, ಚರಂಡಿಗೆ ಎಸೆದರೆ ನಾಯಿ ಎಳೆದಾಡುತ್ತದೆ.

* ಪಾದದಲ್ಲಿ ಹುಣ್ಣಿದ್ದರೆ ಎಷ್ಟೇ ಚೆಂದ ಪಟ್ಟಿ ಕಟ್ಟಿದರೂ ಅದರ ಮೇಲೆ ಭಾರ ಹಾಕಿ ನಡೆದರೆ ಮಾಯುವುದಿಲ್ಲ. ಕಾಲಿಗೆ ವಿಶ್ರಾಂತಿಯೇ ಅರ್ಧ ಔಷಧಿ.

ಇವು ಬೇಡವೇ ಬೇಡ

ಸುಟ್ಟಗಾಯಕ್ಕೆ ಟೂತ್‌ಪೇಸ್ಟ್, ಇಂಕು, ತುಪ್ಪ, ಮೊಟ್ಟೆಯ ಬಿಳಿ ಹಚ್ಚಬೇಡಿ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ, ಐಸ್ ಬೇಡ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಹೊಯ್ಯುತ್ತಾ ಇರಿ. ಕೊಯ್ದ ಗಾಯಕ್ಕೆ ಕಾಫಿಪುಡಿ, ಬೂದಿ, ಸುಣ್ಣ, ಸಗಣಿ ಒತ್ತಬೇಡಿ. ಮಣ್ಣು, ಸಗಣಿಯಿಂದ ಧನುರ್ವಾಯು ಬರಬಹುದು. ಟಿ.ಟಿ. ಎಂದೇ ನಾವು ಕರೆಯುವ ಚುಚ್ಚುಮದ್ದು ತೆಗೆದುಕೊಂಡು ಐದು ವರ್ಷ ದಾಟಿದ್ದು, ಗಾಯ ಕೊಳಕಾಗಿದ್ದರೆ ಮತ್ತೊಂದು ಬೇಕೇನೋ ಎಂದು ಕೇಳಿ. ನಾಯಿ ಕಚ್ಚಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗೆ ಹೋಗಿ.

ಸ್ಪಿರಿಟನ್ನೋ, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನೋ ಸುರಿದು ‘ಕ್ರಿಮಿ ಸತ್ತವು’ ಅಂದುಕೊಳ್ಳುತ್ತೇವೆ. ಕ್ರಿಮಿಯ ಜೊತೆ ಹೊಸ ಮಾಂಸವೂ ಸಾಯುತ್ತದೆ, ಗೊತ್ತಿರಲಿ.

ಹಾಗೆಯೇ “ಗಾಯಕ್ಕೆ ಗಾಳಿ ಆಡಲಿ, ಒಣಗಲಿ” ಎಂಬ ನಂಬಿಕೆ. 1962ರಲ್ಲೇ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲಿನ ಪ್ರಯೋಗದಲ್ಲಿ, ಮುಚ್ಚಿಟ್ಟು ತೇವ ಉಳಿಸಿದ ಗಾಯ ತೆರೆದಿಟ್ಟದ್ದಕ್ಕಿಂತ ಬೇಗ ಮಾಯುತ್ತದೆಂದು ತೋರಿಸಿದ್ದರು. ಇವತ್ತಿನ ಗಾಯದ ಚಿಕಿತ್ಸೆ ಬಹುಪಾಲು ಆ ತತ್ವದ ಮೇಲೆಯೇ ನಿಂತಿದೆ.

ಇನ್ನು ‘ನಂಜು’! ಗಾಯವಾದರೆ ಮೊಟ್ಟೆ ನಂಜು, ಬದನೆಕಾಯಿ ನಂಜು, ಬೇಳೆ ಬೇಡ, ಬರೀ ಗಂಜಿ ಕುಡಿ ಅನ್ನುವ ಮನೆಗಳು ಎಷ್ಟಿಲ್ಲ? ಗಾಯ ಮಾಯಲು ಬೇಕಾದದ್ದೇ ಪ್ರೋಟೀನು. ಮೊಟ್ಟೆ, ಬೇಳೆ, ಕಾಳು, ಮೊಸರು, ನಮ್ಮ ಜಗಳೂರಿನ ಶೇಂಗಾ, ಹುಳಿಗೆ ನಿಂಬೆಹಣ್ಣು ಇವೆಲ್ಲಾ ತಟ್ಟೆಯಲ್ಲಿರಲಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ಇಟ್ಟುಕೊಳ್ಳಲಿ.

ಇಂಥ ಹೊತ್ತಲ್ಲಿ ಕಾಯಬೇಡಿ

ಕೆಂಪು ಬಣ್ಣ ಗಾಯದ ಅಂಚು ದಾಟಿ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಕೆಟ್ಟ ವಾಸನೆ ಬಂದರೆ, ಬೆರಳು ಕಪ್ಪಾದರೆ, ಮೂಳೆ ಕಂಡರೆ, ಚಳಿಜ್ವರ ಬಂದರೆ, ಇಷ್ಟರಲ್ಲಿ ಒಂದೇ ಒಂದು ಕಂಡರೂ ಅದೇ ದಿನ ಹೊರಡಿ. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಯಾವ ಹುಣ್ಣು ಕಂಡರೂ ‘ನೋವಿಲ್ಲವಲ್ಲ’ ಎಂದು ಸುಮ್ಮನಿರಬೇಡಿ, ನೋವಿಲ್ಲದಿರುವುದೇ ಅಪಾಯ. ಚಿಕಿತ್ಸೆ ನಡೆಯುತ್ತಿದ್ದರೂ ನಾಲ್ಕು ವಾರದಲ್ಲಿ ಹುಣ್ಣು ಅರ್ಧದಷ್ಟಾದರೂ ಇಳಿಯದಿದ್ದರೆ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಬೇಕು. ವಾಹನ ಇಲ್ಲ, ತುರ್ತು ಇದೆ ಎಂದರೆ 108 ಇದೆ. ಹೊರಡುವಾಗ ಮಾತ್ರೆ ಚೀಟಿ, ಸಕ್ಕರೆ ಪರೀಕ್ಷೆಯ ವರದಿ, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಒಂದೇ ಚೀಲದಲ್ಲಿರಲಿ.

ಯಜಮಾನಿಕೆ ಯಾರದ್ದು?

ಅತ್ತೆಯ ಪಾದ ಉಳಿಸಿದ್ದು ಯಾರು? ಶಸ್ತ್ರಚಿಕಿತ್ಸಕರು ಹೌದು. ಆದರೆ ಅವರ ತನಕ ಆ ಪಾದವನ್ನು ತಲುಪಿಸಿದ್ದು ತಿಂಗಳಿಗೆ ಕೆಲವೇ ಸಾವಿರ ಗೌರವಧನದ ಒಬ್ಬ ಹೆಣ್ಣುಮಗಳು. ಆಕೆಯ ನಮೂನೆಯಲ್ಲಿ ಕಾಲಿನ ಪ್ರಶ್ನೆಯೇ ಇರಲಿಲ್ಲ. ಇಲ್ಲದ ಪ್ರಶ್ನೆಯನ್ನು ಆಕೆ ಕೇಳಿದಳು. ನಾಯಕತ್ವ ಅಂದರೆ ಇದೇ ಕಣ್ರೀ.

ಆರೋಗ್ಯ ಕ್ಷೇತ್ರದ ನಾಯಕರು ಎಂದರೆ ಕುರ್ಚಿ, ಕೊಠಡಿ, ಫಲಕ ಇರುವವರು ಎಂದೇ ನಾವು ತಿಳಿದಿದ್ದೆವು. ಸಾಂಕ್ರಾಮಿಕ ಅದನ್ನು ಅಲ್ಲಾಡಿಸಿತು. ಬೆಂಗಳೂರಿನ ಆದೇಶ ಹಳ್ಳಿಗೆ ಬರುವ ಹೊತ್ತಿಗೆ ಇಲ್ಲಿನ ಪರಿಸ್ಥಿತಿ ಬದಲಾಗಿರುತ್ತಿತ್ತು. ಹಾಗಾಗಿ ತೀರ್ಮಾನ ಕೆಳಗೇ ಆಗಬೇಕಾಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕಾರ್ಯಪಡೆಗಳಾದವು. 2021ರಲ್ಲಿ ‘ವೈದ್ಯರ ನಡೆ ಹಳ್ಳಿಗಳ ಕಡೆ’ ಎಂದು ವೈದ್ಯರೇ ಹಳ್ಳಿಗೆ ಬಂದರು. ಒಳ್ಳೆಯ ವೈದ್ಯಾಧಿಕಾರಿ ಯಾರು ಎಂದರೆ ಬೆಳಿಗ್ಗೆ ಹತ್ತು ನಿಮಿಷ ನರ್ಸ್, ಫಾರ್ಮಸಿಸ್ಟ್, ಆಶಾ ಎಲ್ಲರನ್ನೂ ನಿಲ್ಲಿಸಿ “ನಿನ್ನೆ ಏನು ನೋಡಿದ್ರಿ?” ಎಂದು ಕೇಳಿದವರು, ಹೇಳಿದ್ದನ್ನು ಕಿವಿಗೊಟ್ಟು ಕೇಳಿದವರು. ಫೋಟೊ ಬಂದಾಗ “ಇವಳಿಗೇನು ಗೊತ್ತು” ಎನ್ನದೆ ತೆರೆದು ನೋಡಿದವರು.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ನೀಡಿತು. ಪ್ರಶಸ್ತಿಯ ಹೆಸರಿನಲ್ಲಿಯೇ ‘ನಾಯಕರು’ ಎಂದಿದೆ ನೋಡಿ! ಆದರೆ ಅದೇ ನಾಯಕಿಯರು ನಮ್ಮ ರಾಜ್ಯದಲ್ಲಿ 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದ ಹೊತ್ತಿನಲ್ಲೇ, 12 ಸಾವಿರ ರೂಪಾಯಿ ಗೌರವಧನ ಮತ್ತು ಸರಿಯಾದ ರಕ್ಷಣಾ ಸಾಮಗ್ರಿಗಾಗಿ ಮುಷ್ಕರ ಹೂಡಬೇಕಾಯಿತು. 2025ರ ಜನವರಿಯಲ್ಲೂ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತರು. ಹಾರ ಹಾಕಿದರೆ ಹೊಟ್ಟೆ ತುಂಬುವುದಿಲ್ಲ, ಅಲ್ಲವೇ?

ಒಂದಿಷ್ಟು ಒಳ್ಳೆಯದೂ ಉಳಿದಿದೆ. ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಇವರಲ್ಲಿ ಬಹಳಷ್ಟು ಮಂದಿ ನರ್ಸಿಂಗ್ ಓದಿದವರು. ಮನೆ ಬಾಗಿಲಿಗೇ ಬಂದು ಬಿ.ಪಿ., ಶುಗರ್ ನೋಡುವ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಯಿತು. ಬಾಗಿಲಿಗೆ ಬಂದವರು ಶುಗರ್ ನೋಡಿ ಹೊರಟರೆ ಸಾಲದು. “ಒಂದ್ನಿಮಿಷ, ಅಮ್ಮನ ಪಾದಾನೂ ನೋಡಿಬಿಡ್ರಿ” ಎಂದು ನೀವೇ ಹೇಳಿ. ಕೇಳುವುದಕ್ಕೆ ಸಂಕೋಚವೇಕೆ?

ನಿಮ್ಮ ಊರಿನಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇರುತ್ತದೆ. ಅದರ ಸಭೆಗೆ ಒಮ್ಮೆ ಹೋಗಿ. ನಮ್ಮ ಉಪಕೇಂದ್ರದಲ್ಲಿ ಗಾಜ್, ಬ್ಯಾಂಡೇಜ್, ಸಲೈನ್ ಇದೆಯಾ? ಊರಲ್ಲಿ ಪಾದದ ಹುಣ್ಣು ಇರುವವರು, ಹಾಸಿಗೆ ಹಿಡಿದವರು ಎಷ್ಟು ಮಂದಿ? ನಾಳೆ ಮತ್ತೆ ಬಸ್ಸು ನಿಂತರೆ ಅವರ ಪಟ್ಟಿ ಯಾರು ಬದಲಿಸುತ್ತಾರೆ? ಈ ಮೂರು ಪ್ರಶ್ನೆ ಕೇಳಿ ಬನ್ನಿ. ಇಷ್ಟಕ್ಕೆ ಸಾಂಕ್ರಾಮಿಕವೇ ಆಗಬೇಕಿಲ್ಲ. ತುಂಗಭದ್ರೆ ಉಕ್ಕಿ ರಸ್ತೆ ಮುಳುಗಿದರೂ ಸಾಕು, ಇದೇ ಪರಿಸ್ಥಿತಿ.

ನೀವು ಕೇಳುವ ಪ್ರಶ್ನೆ

*ನಮ್ಮತ್ತೆ ಗಾಯ ತೋರಿಸೋದೇ ಇಲ್ಲ, ಏನು ಮಾಡಲಿ?*

ಅವರು ಮುಚ್ಚಿಡುವುದು ಹಟಕ್ಕಲ್ಲ. ಖರ್ಚಾಗುತ್ತೆ, ಮಕ್ಕಳಿಗೆ ತೊಂದರೆ, ಕಾಲು ಕತ್ತರಿಸಿಬಿಡ್ತಾರೆ ಎಂಬ ಹೆದರಿಕೆ. “ತೋರ್ಸು” ಎಂದು ಗದರಬೇಡಿ. ರಾತ್ರಿ ಮಲಗುವ ಮುನ್ನ ಪಾದ ಒರೆಸಿ ಎಣ್ಣೆ ಹಚ್ಚುವ ನೆಪದಲ್ಲಿ ನೋಡಿ. ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ, ಅಲ್ಲಿ ಒಣಗಿರಬೇಕು. ಅಂಗಾಲಿನ ಕೆಳಗೆ ಕನ್ನಡಿ ಹಿಡಿದರೆ ಅವರೇ ನೋಡಿಕೊಳ್ಳಬಹುದು.

*ಸಕ್ಕರೆ ಕಾಯಿಲೆಯವರು ಕಾಲನ್ನು ಬಿಸಿನೀರಲ್ಲಿ ನೆನೆಸಬಹುದಾ?*

ಬೇಡ. ಸ್ಪರ್ಶ ಕಡಿಮೆ ಇರುವ ಪಾದಕ್ಕೆ ಬಿಸಿ ಗೊತ್ತಾಗದೆ ಬೊಬ್ಬೆ ಬರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿದರೆ ಸಾಕು. ನೀರಿನ ಬಿಸಿಯನ್ನು ಅವರ ಕಾಲಲ್ಲ, ನಿಮ್ಮ ಮೊಣಕೈ ನೋಡಲಿ.

*ಹಾಸಿಗೆ ಹಿಡಿದವರಿಗೆ ಬೆನ್ನಲ್ಲಿ ಕೆಂಪಗಾಗಿದೆ.*

ಒತ್ತಿದಾಗಲೂ ಕೆಂಪು ಮಾಸದಿದ್ದರೆ ಅದು ಹುಣ್ಣಿನ ಮೊದಲ ಮೆಟ್ಟಿಲು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಎಳೆಯಬೇಡಿ, ಇಬ್ಬರು ಸೇರಿ ಎತ್ತಿ. ಹಾಸಿಗೆ ಒದ್ದೆ ಇರಬಾರದು. ಕೆಂಪಾದ ಜಾಗ ತಿಕ್ಕಬೇಡಿ. ಉಪಕೇಂದ್ರದ ನರ್ಸ್‌ಗೆ ಅದೇ ದಿನ ತಿಳಿಸಿ.

*ಎಲ್ಲಾ ನಾನೇ ಮಾಡಬೇಕು, ನನಗೇ ಸುಸ್ತು...*

ನಿಮ್ಮ ಮಾತು ನಿಜ. ಪಟ್ಟಿ ಕಟ್ಟುವುದು ಸೊಸೆಯ ಕೆಲಸ ಎಂದು ಎಲ್ಲೂ ಬರೆದಿಲ್ಲ. ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ, ಸೋಮವಾರ ಮಗ, ಬುಧವಾರ ಮಗಳು ಎಂದು ಬರೆಯಿರಿ. ಗಂಡಸರ ಕೈಗೂ ಗಾಜ್ ಹಿಡಿಯಲು ಬರುತ್ತದೆ! ಹೀಗೆ ಕೆಲಸ ಹಂಚುವುದೂ ಯಜಮಾನಿಕೆಯೇ.

ಅತ್ತೆ ಈಗ ಚೆನ್ನಾಗಿದ್ದಾರೆ. ಮನೆಯೊಳಗೂ ಮೆತ್ತನೆ ಚಪ್ಪಲಿ. “ದೇವರ ಮನೆ ಬಾಗಿಲ ತನಕ ಚಪ್ಪಲಿ ಹಾಕ್ತೀಯಲ್ಲ” ಎಂದು ಓರಗಿತ್ತಿ ಆಡಿಕೊಂಡರೆ, “ದೇವರೇ ಉಳಿಸಿಕೊಟ್ಟ ಕಾಲು, ಅವನಿಗೇನೂ ಬೇಜಾರಿಲ್ಲ” ಅನ್ನುತ್ತಾರೆ. ಆಶಾ ಕಾರ್ಯಕರ್ತೆ ಬಂದರೆ ಮೊದಲು ಕಾಫಿ, ಆಮೇಲೆ ಕಾಲು ತೋರಿಸುವುದು.

ಮೊನ್ನೆ ಫೋನು ಮಾಡಿದ್ದೆ. ನನಗೂ ಹೋದ ವರ್ಷದಿಂದ ಶುಗರ್ ಗಡಿಯಲ್ಲಿದೆ. ಆಫೀಸು, ಅಡುಗೆ ಎಂದು ಏನೋ ಹೇಳಲು ಹೊರಟೆ. ಅತ್ತೆ ನಡುವೆಯೇ ತಡೆದು ಕೇಳಿದರು: “ಅದಿರ್ಲಿ ಮಗಳೇ, ಇವತ್ತು ನಿನ್ನ ಪಾದ ನೋಡ್ಕೊಂಡ್ಯಾ?”

ನೀವು ನೋಡಿಕೊಂಡಿರಾ?